ಸೊವಿನ್ಯೋನ್ ಬ್ಲಾಂ ಜೊತೆ ನಮ್ಮ ಊಟ: ಯಾವುದು ಒಗ್ಗುತ್ತೆ, ಯಾವುದು ಒಗ್ಗಲ್ಲ?

ಯಲಹಂಕ_ಗೂಡು:
ಭಾನುವಾರ ಮಧ್ಯಾಹ್ನ ಗೆಳೆಯರು ಒಂದಷ್ಟು ಜನ ಊಟಕ್ಕೆ ಬರುತ್ತಿದ್ದಾರೆ. ದೊನ್ನೆ ಬಿರಿಯಾನಿ ಆಗಲೇಬೇಕು, ಅದರಲ್ಲಿ ರಾಜಿ ಇಲ್ಲ. ಜೊತೆಗೆ ಹೆಸರುಬೇಳೆ ಕೋಸಂಬರಿ, ಮೊಸರು ಬಜ್ಜಿ, ಕರಿದದ್ದು ಏನಾದರೂ ಒಂದು. ಗೆಳೆಯರಲ್ಲೊಬ್ಬರು ನಂದಿ ಬೆಟ್ಟದ ಕಡೆಯ ಸೊವಿನ್ಯೋನ್ ಬ್ಲಾಂ, ಅಂದರೆ ಅದೇ ಹೆಸರಿನ ದ್ರಾಕ್ಷಿಯ ಬಿಳಿ ವೈನ್, ಮುಂಚೆಯೇ ತಂದುಕೊಟ್ಟಿದ್ದಾರೆ. ನಮ್ಮ ಮನೆಯಲ್ಲಿ ವೈನ್ ಅಂದರೆ ಕ್ರಿಸ್‌ಮಸ್‌ಗೆ ಪಕ್ಕದ ಮನೆಯಿಂದ ಬರುವ ಸಿಹಿ ದ್ರಾಕ್ಷಿ ವೈನ್ ಅಷ್ಟೇ. ಇದನ್ನು ರುಚಿ ನೋಡಿದೆ, ಹಲ್ಲು ಚುಳ್ ಅಂತು. ಸಿಹಿ ಹೆಸರಿಗೂ ಇಲ್ಲ. ಹುಲ್ಲಿನ ವಾಸನೆ ಬೇರೆ. ಇದು ಬಿರಿಯಾನಿಗೆ ಆಗುತ್ತಾ, ಅಥವಾ ಸುಮ್ನೆ ಬಿಯರ್ ತರಲಾ? ನೆಟ್‌ನಲ್ಲಿ ಹುಡುಕಿದರೆ ಎಲ್ಲ ಕಡೆ ಮೀನಿಗೆ ಬಿಳಿ, ಮಟನ್‌ಗೆ ಕೆಂಪು ಅಂತ ಒಂದೇ ಮಾತು.

ಸುಮ್ನೆ_ಒಬ್ಬ:
ಬಿಯರ್ ತನ್ನಿ ಗುರು. ಬಿರಿಯಾನಿಗೆ ವೈನ್ ಅಂದರೆ ನಮ್ಮಜ್ಜಿ ಎದ್ದು ಬರ್ತಾಳೆ.

ಸರ್ವಿಸ್_ಟೇಬಲ್:
ಬಿಯರ್ ಬೇಡ ಸರ್, ಬಾಟಲಿ ಫ್ರಿಜ್‌ಗೆ ಇಡಿ. ನಾನು ಬೆಂಗಳೂರಿನಲ್ಲಿ ಹೋಟೆಲ್ ಕೆಲಸದವನು, ವೈನ್ ಬಡಿಸುವುದೇ ನನ್ನ ಡ್ಯೂಟಿ. ದೊನ್ನೆ ಬಿರಿಯಾನಿಗೆ ಈ ವೈನ್ ಚೆನ್ನಾಗಿ ಕೂರುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ ಹುಳಿ ವಿಷಯ. ನಿಮ್ಮದು ಡ್ರೈ ವೈನ್, ಅಂದರೆ ದ್ರಾಕ್ಷಿಯ ಸಕ್ಕರೆಯನ್ನು ಈಸ್ಟ್ ಹೆಚ್ಚುಕಮ್ಮಿ ಪೂರ್ತಿ ತಿಂದು ಮುಗಿಸಿದೆ ಅಂತ. ಯುರೋಪಿನ ಲೆಕ್ಕದಲ್ಲಿ ಲೀಟರಿಗೆ 4 ಗ್ರಾಂವರೆಗೆ ಸಕ್ಕರೆ ಉಳಿದಿದ್ದರೆ ಡ್ರೈ. ಹುಳಿ ಜಾಸ್ತಿ ಇದ್ದರೆ 9 ಗ್ರಾಂವರೆಗೂ ಬಿಡುತ್ತಾರೆ. ಸಿಹಿ ಹೋದ ಮೇಲೆ ಹುಳಿಯೇ ಮುಂದೆ ನಿಲ್ಲುತ್ತದೆ. ಅದನ್ನು ಬರೀ ಬಾಯಲ್ಲಿ ಕುಡಿದರೆ ಚುಳ್ ಅನ್ನುವುದು ಸಹಜ. ಊಟದ ಜೊತೆ ಅದೇ ಹುಳಿ ನಿಂಬೆ ಹಿಂಡಿದ ಕೆಲಸ ಮಾಡುತ್ತದೆ.

ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡಿ. ನಾಲ್ಕು ಚಿಕ್ಕ ತಟ್ಟೆ ಇಟ್ಟುಕೊಳ್ಳಿ. ಒಂದರಲ್ಲಿ ಉಪ್ಪು, ಒಂದರಲ್ಲಿ ನಿಂಬೆ ಹೋಳು, ಒಂದರಲ್ಲಿ ಬೆಲ್ಲ, ಒಂದರಲ್ಲಿ ಹಸಿಮೆಣಸಿನಕಾಯಿ ಚೂರು. ಒಂದೊಂದನ್ನು ನಾಲಿಗೆಗೆ ಇಟ್ಟು ಆಮೇಲೆ ಒಂದು ಗುಟುಕು. ಉಪ್ಪು ನೆಕ್ಕಿ ಕುಡಿದರೆ ವೈನ್ ಮೆತ್ತಗಾಗುತ್ತದೆ, ಹಣ್ಣಿನ ರುಚಿ ಎದ್ದು ಬರುತ್ತದೆ. ನಿಂಬೆ ಆದ ಮೇಲೆ ವೈನ್ ಹುಳಿ ಅಂತಲೇ ಅನ್ನಿಸುವುದಿಲ್ಲ. ಬೆಲ್ಲ ತಿಂದು ಕುಡಿದರೆ ಕೆಟ್ಟು ಕೆರ ಹಿಡಿಯುತ್ತದೆ, ನೀರು ನೀರು, ಬರೀ ಹುಳಿ. ಮೆಣಸಿನಕಾಯಿ ತಿಂದು ಕುಡಿದರೆ ಖಾರ ಇನ್ನೊಂದು ಸುತ್ತು ಉರಿಯುತ್ತದೆ, ಆಲ್ಕೋಹಾಲ್ ಖಾರಕ್ಕೆ ಗಾಳಿ ಹಾಕುತ್ತದೆ. ಈ ನಾಲ್ಕು ತಟ್ಟೆ ಗೊತ್ತಾದರೆ ಅರ್ಧ ಪಾಠ ಮುಗಿದಂತೆ.

ಈಗ ಬಿರಿಯಾನಿ. ದೊನ್ನೆ ಬಿರಿಯಾನಿಯ ಜೀವ ಇರುವುದು ಪುದೀನ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ರುಬ್ಬಿದ ಮಸಾಲೆಯಲ್ಲಿ. ಕೆಂಪು ಪುಡಿಯ ಕೆಲಸ ಅಲ್ಲಿ ಕಮ್ಮಿ. ಈ ವೈನ್‌ನ ಹಸಿರು ವಾಸನೆ ಆ ಮಸಾಲೆಗೆ ಸಲೀಸಾಗಿ ಸೇರುತ್ತದೆ. ಮಾಂಸದ ಜಿಡ್ಡನ್ನು ಹುಳಿ ತೊಳೆಯುತ್ತದೆ. ಮೆಣಸಿನಕಾಯಿ ಎರಡು ಕಮ್ಮಿ ಹಾಕಿ, ಅಷ್ಟೇ.

ಯಲಹಂಕ_ಗೂಡು:
ತಟ್ಟೆ ಪರೀಕ್ಷೆ ಈಗಷ್ಟೇ ಮಾಡಿದೆ. ಬೆಲ್ಲದ್ದು ನಿಜಕ್ಕೂ ಭಯಂಕರ. ಹಾಗಾದರೆ ಕೊನೆಗೆ ಬಡಿಸುವ ಪಾಯಸದ ಹೊತ್ತಿಗೆ ಲೋಟ ಎತ್ತಿಡಬೇಕು ಅಲ್ವಾ?

ಸರ್ವಿಸ್_ಟೇಬಲ್:
ಹೌದು ಸರ್. ಸಿಹಿ ಬರುವ ಹೊತ್ತಿಗೆ ಡ್ರೈ ವೈನ್ ಮುಗಿದಿರಬೇಕು.

ಲ್ಯಾಬ್_ಕೋಟ್:
ಆ "ಹುಲ್ಲಿನ ವಾಸನೆ"ಗೆ ಕಾರಣ ಇದೆ. ಈ ದ್ರಾಕ್ಷಿಯಲ್ಲಿ ಮೆಥಾಕ್ಸಿಪೈರಜೀನ್ ಅನ್ನುವ ವಸ್ತು ಇರುತ್ತದೆ. ಹಸಿರು ಕ್ಯಾಪ್ಸಿಕಂ ಹೆಚ್ಚಿದಾಗ ಮೂಗಿಗೆ ಬಡಿಯುವುದೂ ಅದೇ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ನಮ್ಮ ಮೂಗು ಹಿಡಿಯುತ್ತದೆ. ನ್ಯಾನೋಗ್ರಾಂ ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು! ಗೊಂಚಲಿಗೆ ಬಿಸಿಲು ಬಿದ್ದಷ್ಟೂ, ಕಾಯಿ ಹಣ್ಣಾದಷ್ಟೂ ಇದು ಇಳಿಯುತ್ತದೆ.

ಎರಡನೆಯದು ಥಯೋಲ್ ಅನ್ನುವ ವಸ್ತುಗಳು. ಇವು ದ್ರಾಕ್ಷಿಯಲ್ಲಿ ವಾಸನೆಯೇ ಇಲ್ಲದೆ ಅಡಗಿರುತ್ತವೆ. ಹುದುಗು ಬರುವಾಗ ಈಸ್ಟ್ ಅವನ್ನು ಬಿಡಿಸುತ್ತದೆ. ಚಕೋತ, ಪ್ಯಾಶನ್ ಫ್ರೂಟ್ ವಾಸನೆ ಬರುವುದು ಇವುಗಳಿಂದ. ಅದರಲ್ಲೇ ಒಂದು ಜಾಸ್ತಿ ಆದರೆ ಬೆಕ್ಕಿನ ಮೂತ್ರದ ವಾಸನೆ. ತಮಾಷೆ ಮಾಡುತ್ತಿಲ್ಲ, ವೈನ್ ರುಚಿ ನೋಡುವವರು ಗಂಭೀರವಾಗಿಯೇ ಈ ಮಾತು ಬರೆಯುತ್ತಾರೆ.

ಇನ್ನೊಂದು ಸ್ವಾರಸ್ಯ. ಜಗತ್ತಿಗೆಲ್ಲ ಗೊತ್ತಿರುವ ಕೆಂಪು ವೈನ್ ದ್ರಾಕ್ಷಿ ಕ್ಯಾಬರ್ನೆ ಸೊವಿನ್ಯೋನ್ ಈ ಬಿಳಿ ದ್ರಾಕ್ಷಿಯ ಮಗು. ಇನ್ನೊಬ್ಬ ಪೋಷಕ ಕ್ಯಾಬರ್ನೆ ಫ್ರಾಂಕ್. 1997ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಡಿಎನ್‌ಎ ನೋಡಿ ಇದನ್ನು ಖಚಿತ ಮಾಡಿದರು. ಕ್ಯಾಬರ್ನೆಯಲ್ಲೂ ಒಮ್ಮೊಮ್ಮೆ ಕ್ಯಾಪ್ಸಿಕಂ ವಾಸನೆ ಬರುವುದಕ್ಕೆ ಇದೇ ವಂಶದ ಕಥೆ.

ಸುಮ್ನೆ_ಒಬ್ಬ:
ದುಡ್ಡು ಕೊಟ್ಟು ಬೆಕ್ಕಿನ ಉಚ್ಚೆ ವಾಸನೆ ಕುಡಿಯೋದು. ಭೇಷ್.

ಬ್ಲೆನಮ್_ಕನ್ನಡಿಗ:
ಆ ವಾಸನೆಯ ರಾಜಧಾನಿಯಿಂದ ಬರೆಯುತ್ತಿದ್ದೇನೆ ಸ್ವಾಮಿ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಮಾರ್ಲ್‌ಬರೋ. ಇಲ್ಲಿ ವೈನ್ ದ್ರಾಕ್ಷಿಯ ದೊಡ್ಡ ತೋಟ ಶುರುವಾಗಿದ್ದು 1973ರಲ್ಲಿ. ಅದಕ್ಕೆ ಮುಂಚೆ ಹೆಚ್ಚಾಗಿ ಕುರಿ ಮೇಯುವ ಜಾಗ. ಸೊವಿನ್ಯೋನ್ ಬ್ಲಾಂ ಬಂದಿದ್ದು ಇನ್ನೆರಡು ವರ್ಷ ಬಿಟ್ಟು. 1985ರಲ್ಲಿ ಕ್ಲೌಡಿ ಬೇ ಅನ್ನುವ ಹೆಸರಿನ ವೈನ್ ಹೊರಬಂದ ಮೇಲೆ ಇಂಗ್ಲೆಂಡ್, ಆಸ್ಟ್ರೇಲಿಯಾದವರು ಇದಕ್ಕೆ ಮುಗಿಬಿದ್ದರು. ಈಗ ಈ ದೇಶ ಹೊರಗೆ ಕಳಿಸುವ ವೈನ್‌ನಲ್ಲಿ ಬಹುಪಾಲು ಇದೊಂದೇ.

ಹಗಲು ಸುಡುವ ಬಿಸಿಲು, ರಾತ್ರಿ ಸ್ವೆಟರ್ ಹಾಕುವಷ್ಟು ಚಳಿ. ಹಾಗಾಗಿ ಹಣ್ಣಾದರೂ ಹುಳಿ ಉಳಿಯುತ್ತದೆ. ಒಂದೇ ಊರಲ್ಲೂ ವ್ಯತ್ಯಾಸ ಇದೆ. ವೈರೌ ಕಣಿವೆಯದ್ದು ಪ್ಯಾಶನ್ ಫ್ರೂಟ್ ಕಡೆ, ದಕ್ಷಿಣಕ್ಕಿರುವ ಅವಟೆರೆ ಕಣಿವೆಯದ್ದು ಟೊಮೆಟೊ ಗಿಡದ ಎಲೆ ಉಜ್ಜಿದ ಹಾಗೆ, ಹಸಿರು ಜಾಸ್ತಿ. ನನ್ನ ಓಟು ಅವಟೆರೆಗೆ.

ಊಟದ ವಿಷಯಕ್ಕೆ ಬಂದರೆ, ಇಲ್ಲಿಂದ ಅರ್ಧ ಗಂಟೆ ದಾರಿಯಲ್ಲಿ ಹ್ಯಾವ್‌ಲಾಕ್ ಇದೆ. ಹಸಿರು ತುಟಿಯ ಚಿಪ್ಪುಮೀನಿಗೆ ಹೆಸರಾದ ಊರು. ಅಲ್ಲಿಯವರು ಅದನ್ನು ಇದೇ ವೈನ್ ಸುರಿದು ಬೇಯಿಸಿ ಇದೇ ವೈನ್ ಜೊತೆ ತಿನ್ನುತ್ತಾರೆ. ನಾನು ಮಾಡುವುದು ಬೇರೆ ಥರ. ಎಣ್ಣೆಯಲ್ಲಿ ಬೆಳ್ಳುಳ್ಳಿ, ಶುಂಠಿ, ಸೀಳಿದ ಹಸಿಮೆಣಸು, ಆಮೇಲೆ ಚಿಪ್ಪುಮೀನು, ಅರ್ಧ ಲೋಟ ವೈನ್, ಮುಚ್ಚಳ. ಚಿಪ್ಪು ಬಾಯಿ ಬಿಟ್ಟ ಕೂಡಲೇ ಇಳಿಸಿ ಒಂದು ಹಿಡಿ ಕೊತ್ತಂಬರಿ ಸೊಪ್ಪು. ತಳದಲ್ಲಿ ಉಳಿಯುವ ಉಪ್ಪುಪ್ಪು ರಸಕ್ಕೆ ನೀರ್ ದೋಸೆ ಅದ್ದಿ ತಿಂದರೆ ಬೇರೇನೂ ಬೇಡ.

ಕಾಣೆ_ಪ್ರಿಯ:
ಮಾರಾಯ್ರೆ, ಮೀನಿಗೆ ಬಿಳಿ ವೈನ್ ಅಂತ ಕೇಳಿಕೊಂಡೇ ಬಂದದ್ದು. ಹಾಗಾದರೆ ನಮ್ಮ ಬಂಗುಡೆ ಪುಳಿಮುಂಚಿಗೆ ಇದು ಆಗಬೇಕಲ್ಲ? ಮಂಗಳೂರಿನಲ್ಲಿ ಒಂದು ಹೋಟೆಲಿನಲ್ಲಿ ಅದನ್ನೇ ಜೋಡಿ ಅಂತ ಕೊಟ್ಟರು. ಒಂದು ತುತ್ತು, ಒಂದು ಗುಟುಕು, ಎರಡೂ ಹಾಳು. ವೈನ್ ಸಪ್ಪೆ ನೀರು, ಬಾಯಿ ತುಂಬ ಉರಿ.

ಸರ್ವಿಸ್_ಟೇಬಲ್:
ಪುಳಿಮುಂಚಿಯ ಹುಣಸೆಹುಳಿ ವೈನ್‌ನ ಹುಳಿಗಿಂತ ಜೋರು. ಊಟ ವೈನ್‌ಗಿಂತ ಹುಳಿ ಇದ್ದರೆ ವೈನ್ ಸಪ್ಪೆ ಆಗಿಬಿಡುತ್ತದೆ. ಮೇಲೆ ಮೆಣಸಿನ ಖಾರ. ತಪ್ಪು ನಿಮ್ಮ ನಾಲಿಗೆಯದ್ದಲ್ಲ, ಜೋಡಿ ಮಾಡಿದವರದ್ದು. ಇದೇ ಕಾರಣಕ್ಕೆ ಸಾರು, ಹುಣಸೆ ಜಾಸ್ತಿ ಇರುವ ಸಾಂಬಾರು, ಗೊಜ್ಜು ಯಾವುದಕ್ಕೂ ಇದು ಬೇಡ.

ನನ್ನ ಅನುಭವದಲ್ಲಿ ಮೀನೋ ಕೋಳಿಯೋ ಮಟನ್ನೋ ಅಂತ ಕೇಳುವುದೇ ದಂಡ. ನಮ್ಮ ಅಡುಗೆಯಲ್ಲಿ ಮಾಂಸದ ರುಚಿಗಿಂತ ಮಸಾಲೆಯ ರುಚಿ ಮುಂದೆ. ಹಸಿರು ಮಸಾಲೆ ಇದ್ದರೆ ಸೊವಿನ್ಯೋನ್ ಬ್ಲಾಂ ತೆಗೆಯಿರಿ. ಕೆಂಪು ಮಸಾಲೆ ಇದ್ದರೆ ಬಾಟಲಿ ಮುಚ್ಚಿಡಿ.

ಕಾಣೆ_ಪ್ರಿಯ:
ಅದು ಅಷ್ಟು ಸುಲಭ ಉಂಟಾ? ಬ್ಯಾಡಗಿ ಮೆಣಸು ಬಣ್ಣಕ್ಕೆ ಜಾಸ್ತಿ, ಖಾರಕ್ಕೆ ಕಮ್ಮಿ. ಹಸಿರು ಮಸಾಲೆಯ ಗಾಂಧಾರಿ ಮೆಣಸು ತಿಂದು ನೋಡಿ, ಕಿವಿಯಲ್ಲಿ ಹೊಗೆ ಬರುತ್ತದೆ. ಖಾರವೇ ಶತ್ರು ಅಂದರೆ ನಿಮ್ಮ ಲೆಕ್ಕ ಉಲ್ಟಾ ಆಗಬೇಕು.

ಸರ್ವಿಸ್_ಟೇಬಲ್:
ಒಳ್ಳೆ ಪಾಯಿಂಟ್. ಖಾರ ಒಂದೇ ಅಲ್ಲ. ಗಸಿಗೆ ಏನೇನು ಹಾಕುತ್ತೀರಿ? ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಮೆಣಸು ಎಲ್ಲ ಹುರಿದು, ತೆಂಗಿನಕಾಯಿ ಜೊತೆ ರುಬ್ಬಿ, ಹುಣಸೆ ಬಿಟ್ಟು ಕುದಿಸುವುದು. ಆ ಹುರಿದ ಘಮದ ಮುಂದೆ ಈ ವೈನ್‌ನ ಹಸಿ ಘಮ ಅಳಿಸಿಹೋಗುತ್ತದೆ. ಕುಂದಾಪುರದ ಘೀ ರೋಸ್ಟ್‌ಗೂ ಅದೇ ಗತಿ. ಅಲ್ಲಿ ತುಪ್ಪ, ಹುಣಸೆ, ಬ್ಯಾಡಗಿ ಮೂರೂ ಜೋರು. ಕೊಡಗಿನ ಪಂದಿ ಕರಿಯ ಕಾಚಂಪುಳಿ ಅನ್ನುವ ಕಡುಹುಳಿ, ಕಪ್ಪು ಮಸಾಲೆ ಅಂತೂ ಇದನ್ನು ನುಂಗಿ ನೀರು ಕುಡಿಯುತ್ತವೆ.

ಗಾಂಧಾರಿ ಹಾಕಿದ ಹಸಿರು ಮಸಾಲೆಗೆ ಯಾವ ಡ್ರೈ ವೈನೂ ಬೇಡ, ಒಪ್ಪಿದೆ. ಸ್ವಲ್ಪ ಸಿಹಿ ಇರುವ, ಆಲ್ಕೋಹಾಲ್ ಕಮ್ಮಿ ಇರುವ ರೀಸ್ಲಿಂಗ್ ಅನ್ನುವ ಬಿಳಿ ವೈನ್ ಅಂಥದ್ದು ನೋಡಿ.

ಕಾಣೆ_ಪ್ರಿಯ:
ಹಾಗಾದರೆ ಮಂಗಳೂರಿಗೆ ಇದು ಪೂರ್ತಿ ದಂಡವೋ?

ಸರ್ವಿಸ್_ಟೇಬಲ್:
ಇಲ್ಲವೇ ಇಲ್ಲ. ಕಾಣೆ ರವಾ ಫ್ರೈ, ಮೇಲೆ ನಿಂಬೆ. ಉಪ್ಪು, ಹುಳಿ, ಕರಿದ ಗರಿಗರಿ, ಒಳಗೆ ಬೆಳ್ಳಗಿನ ಮೃದು ಮೀನು. ಮೆಣಸಿನ ಲೇಪ ತೆಳು ಇರಲಿ. ಬೊಂಡಾಸ್‌ಗೆ, ಅಂದರೆ ಸ್ಕ್ವಿಡ್‌ಗೆ, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಬೇಗ ಹುರಿದದ್ದೂ ಚೆನ್ನ. ಗೋವಾ ಕಡೆಯ ಕ್ಯಾಫ್ರಿಯಲ್ ಕೋಳಿ ನೋಡಿದ್ದೀರಲ್ಲ, ಕೊತ್ತಂಬರಿ ಸೊಪ್ಪಿನ ಹಸಿರು? ಅದಕ್ಕೆ ಇದು ಹೇಳಿ ಮಾಡಿಸಿದ್ದು.

ಲ್ಯಾಬ್_ಕೋಟ್:
ಮೀನಿಗೆ ಬಿಳಿ ಅನ್ನುವ ಮಾತಿಗೆ ಆಧಾರ ಇಲ್ಲದಿಲ್ಲ. 2009ರಲ್ಲಿ ಜಪಾನಿನ ವೈನ್ ಕಂಪನಿಯೊಂದರ ಸಂಶೋಧಕರು ಹತ್ತಾರು ವೈನ್ ಜೊತೆ ಸ್ಕ್ಯಾಲಪ್ ಅನ್ನುವ ಚಿಪ್ಪುಮೀನು ತಿಂದು ನೋಡಿದರು. ವೈನ್‌ನಲ್ಲಿ ಕಬ್ಬಿಣದ ಅಂಶ ಜಾಸ್ತಿ ಇದ್ದಷ್ಟೂ ಬಾಯಲ್ಲಿ ಕೊನೆಗೆ ಹಸಿ ಮೀನಿನ ನಾತ ಉಳಿಯಿತು. ಕಬ್ಬಿಣ ಕೆಂಪು ವೈನ್‌ಗಳಲ್ಲಿ ಹೆಚ್ಚಾಗಿ ಸಿಗುತ್ತದೆ, ಎಲ್ಲದರಲ್ಲೂ ಅಲ್ಲ. ಹಾಗಾಗಿ ಗಾದೆ ಪೂರ್ತಿ ಸುಳ್ಳಲ್ಲ, ನಮ್ಮ ಮಸಾಲೆಗಳ ಮುಂದೆ ಅದು ಸಾಲುವುದಿಲ್ಲ ಅಷ್ಟೇ.

ಸೊಪ್ಪು_ತರಕಾರಿ:
ಮೀನು ಮಾಂಸದಲ್ಲೇ ಮುಳುಗಿದ್ದೀರಿ. ನಮ್ಮ ಕಥೆ? ಮನೆಯವರು ವೈನ್ ಕುಡಿಯುತ್ತಾರೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಚೀಸ್ ಜೊತೆ ಅಂತ ಎಲ್ಲರೂ ಹೇಳುತ್ತಾರೆ, ಯಾವ ಚೀಸ್?

ಸರ್ವಿಸ್_ಟೇಬಲ್:
ಮೇಡಂ, ಈ ವೈನ್‌ನ ಹಳೆಯ ಜೋಡಿಯೇ ಸಸ್ಯಾಹಾರಿ. ಫ್ರಾನ್ಸಿನ ಲುವಾರ್ ನದಿಯ ದಂಡೆಯಲ್ಲಿ, ಗುಡ್ಡದ ಮೇಲೆ ಸಾನ್ಸೆರ್ ಅನ್ನುವ ಪುಟ್ಟ ಊರು. 1936ರಿಂದ ಅಲ್ಲಿನ ಬಿಳಿ ವೈನ್‌ಗೆ ಊರಿನ ಹೆಸರಿನ ರಕ್ಷಣೆ ಇದೆ. ಆ ಹೆಸರಲ್ಲಿ ಬರುವ ಬಿಳಿ ವೈನ್ ಎಲ್ಲ ಸೊವಿನ್ಯೋನ್ ಬ್ಲಾಂ. ನದಿಯ ಆಚೆ ದಂಡೆಯಲ್ಲಿ ಪುಯಿ-ಫ್ಯೂಮೆ, ಅದೂ ಇದೇ ದ್ರಾಕ್ಷಿ. ಮಣ್ಣು ಮೂರು ಥರ: ಸುಣ್ಣಕಲ್ಲಿನ ಚೂರು, ಸುಣ್ಣ ಬೆರೆತ ಬಿಳಿ ಜೇಡಿ, ಬೆಣಚುಕಲ್ಲು. ಮಾರ್ಲ್‌ಬರೋದ ಹಾಗೆ ಮೂಗಿಗೆ ರಾಚುವುದಿಲ್ಲ, ನಾಜೂಕು. ಬೆಣಚುಕಲ್ಲಿನ ತೋಟದ್ದರಲ್ಲಿ ಕಲ್ಲಿಗೆ ಕಲ್ಲು ಉಜ್ಜಿದಾಗಿನ ಕಮಟು ಇದೆ ಅನ್ನುತ್ತಾರೆ. ನನ್ನ ಮೂಗಿಗೂ ಅದು ಬಂದಿದೆ. ಮಣ್ಣಿನಿಂದಲೇ ಬರುತ್ತದೆ ಅಂತ ಆಣೆ ಮಾಡಲಾರೆ.

ಸಾನ್ಸೆರ್ ಪಕ್ಕದಲ್ಲೇ ಶಾವಿನ್ಯೋಲ್ ಹಳ್ಳಿ. ಅಲ್ಲಿ ಮೇಕೆ ಹಾಲಿನ ಚೀಸ್ ಮಾಡುತ್ತಾರೆ, ಅಂಗೈಯಲ್ಲಿ ಮುಚ್ಚುವಷ್ಟು ಚಿಕ್ಕ ಬಿಲ್ಲೆ. 1976ರಲ್ಲಿ ಅದಕ್ಕೂ ಹೆಸರಿನ ರಕ್ಷಣೆ ಸಿಕ್ಕಿತು. ಹೊಸದಾಗಿದ್ದಾಗ ಬೆಳ್ಳಗೆ, ಹುಳಿಹುಳಿ. ಹಳತಾದಂತೆ ಗಟ್ಟಿಯಾಗಿ ಘಾಟು ಏರುತ್ತದೆ. ಹೊಸ ಚೀಸಿನ ಹುಳಿ, ವೈನ್‌ನ ಹುಳಿ ಸಮಸಮ. ಅದಕ್ಕೇ ಒಂದು ಇನ್ನೊಂದನ್ನು ಸಪ್ಪೆ ಮಾಡುವುದಿಲ್ಲ.

ಬೆಂಗಳೂರಿನಲ್ಲಿ ಈಗ ಮೇಕೆ ಹಾಲಿನ ಚೀಸ್ ಸಿಗುತ್ತದೆ. ಸಿಗದಿದ್ದರೆ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ತೂಗುಹಾಕಿ. ಬೆಳಿಗ್ಗೆ ಉಪ್ಪು, ಜಜ್ಜಿದ ಕಾಳುಮೆಣಸು, ಸಣ್ಣಗೆ ಹೆಚ್ಚಿದ ಪುದೀನ ಕಲಸಿ ಅಕ್ಕಿರೊಟ್ಟಿ ಚೂರಿನ ಮೇಲೆ ಹಚ್ಚಿ. ಪನೀರ್ ಬೇಡ, ಅದರಲ್ಲಿ ಹುಳಿ ಇಲ್ಲ.

ಸೊಪ್ಪು_ತರಕಾರಿ:
ಕೋಸಂಬರಿ?

ಸರ್ವಿಸ್_ಟೇಬಲ್:
ಹೆಸರುಬೇಳೆ, ಸೌತೆಕಾಯಿ, ನಿಂಬೆ, ಕೊತ್ತಂಬರಿ, ಉಪ್ಪು. ಇದಕ್ಕಿಂತ ಒಳ್ಳೆ ಜೋಡಿ ಹುಡುಕುವುದು ಕಷ್ಟ. ಮಾವಿನಕಾಯಿ ತುರಿ ಹಾಕುವುದಾದರೆ ಸ್ವಲ್ಪವೇ ಹಾಕಿ, ಹುಳಿ ಮೀರಬಾರದು. ಕ್ಯಾಪ್ಸಿಕಂ ಬಜ್ಜಿಯೂ ಮಾಡಿ, ಲ್ಯಾಬ್_ಕೋಟ್ ಅವರ ನ್ಯಾನೋಗ್ರಾಂ ಲೆಕ್ಕ ತಟ್ಟೆಯಲ್ಲೇ ಸಿಗುತ್ತದೆ. ಚಟ್ನಿಗೆ ಬೆಲ್ಲ ಹಾಕಬೇಡಿ.

ತೋಟದ_ಮನೆ:
ನಮ್ಮದು ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ ತೋಟ, ವೈನರಿಗೆ ಹಣ್ಣು ಕೊಡುತ್ತೇವೆ. ನಾನೂ ಒಂದು ಮಾತು ಸೇರಿಸುತ್ತೇನೆ.

ಈ ಸೀಮೆಯ ಹಳೆ ದ್ರಾಕ್ಷಿ ಬೆಂಗಳೂರು ಬ್ಲೂ. ಜಿಐ ಅನ್ನುವ ಭೌಗೋಳಿಕ ಗುರುತೂ ಸಿಕ್ಕಿದೆ. ಸಿಹಿ ವೈನ್‌ಗೆ ಅದೇ ಹೋಗುತ್ತಿತ್ತು, ಈಗಲೂ ಹೋಗುತ್ತದೆ. ಜನ ವೈನ್ ಅಂದರೆ ಸಿಹಿ ಅಂದುಕೊಳ್ಳುವುದಕ್ಕೆ ಅದೂ ಒಂದು ಕಾರಣ. ಫ್ರೆಂಚ್ ಜಾತಿಗಳನ್ನು ಇಲ್ಲಿ ದೊಡ್ಡದಾಗಿ ಹಾಕಿದ್ದು ಗ್ರೋವರ್‌ನವರು, 1988ರಲ್ಲಿ ಕಂಪನಿ ಶುರುವಾಯಿತು. ನಾಸಿಕ್‌ನಲ್ಲಿ ಸುಲಾದವರ ಸೊವಿನ್ಯೋನ್ ಬ್ಲಾಂ ಮಾರುಕಟ್ಟೆಗೆ ಬಂದಿದ್ದು 2000ದಲ್ಲಿ. ನಮ್ಮ ರಾಜ್ಯದ ವೈನ್ ನೀತಿ 2007ರದ್ದು, ವೈನ್ ಬೋರ್ಡ್ ಕೂಡ ಆಗಲೇ. ಹಂಪಿ ಬೆಟ್ಟಗಳ ಕಡೆ ಕೃಷ್ಮಾದವರೂ ಈ ದ್ರಾಕ್ಷಿ ಬೆಳೆಯುತ್ತಾರೆ.

ಕಷ್ಟ ಏನು ಗೊತ್ತಾ? ಯುರೋಪಿನಲ್ಲಿ ಚಳಿಗೆ ಬಳ್ಳಿ ಮಲಗುತ್ತದೆ. ಇಲ್ಲಿ ಮಲಗುವುದೇ ಇಲ್ಲ. ಅದಕ್ಕೆ ವರ್ಷಕ್ಕೆ ಎರಡು ಸಲ ಸವರುತ್ತೇವೆ. ಏಪ್ರಿಲ್ ಹೊತ್ತಿಗೆ ಒಮ್ಮೆ, ರೆಂಬೆ ಬಲಿಯಲಿ ಅಂತ. ಮಳೆ ಕಮ್ಮಿಯಾದ ಮೇಲೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಮ್ಮೆ, ಅದು ಹಣ್ಣಿಗೆ. ಕೊಯ್ಲು ಜನವರಿಯಿಂದ ಮಾರ್ಚ್ ಒಳಗೆ. ಬಿಸಿಲು ಏರಿದರೆ ಸಕ್ಕರೆ ಓಡುತ್ತದೆ, ಹುಳಿ ಇಳಿಯುತ್ತದೆ. ಸೊವಿನ್ಯೋನ್‌ಗೆ ಹುಳಿ ಹೋದರೆ ಇನ್ನೇನು ಉಳಿಯಿತು? ಅದಕ್ಕೆ ಸ್ವಲ್ಪ ಬೇಗ ಕೀಳುತ್ತಾರೆ, ರಾತ್ರಿ ಹೊತ್ತು ತಲೆಗೆ ಲೈಟು ಕಟ್ಟಿಕೊಂಡು. ಬೆಳಗಿನ ಜಾವ ಕ್ರೇಟು ಮುಟ್ಟಿದರೆ ಹಣ್ಣು ಐಸಿನ ಹಾಗೆ ತಣ್ಣಗಿರಬೇಕು. ಬಿಸಿ ಹಣ್ಣು ಒಡೆದರೆ ರಸ ಅಲ್ಲೇ ಕಪ್ಪಗಾಗಲು ಶುರು, ವಾಸನೆ ಹಾರಿಹೋಗುತ್ತದೆ.

ಮಾರ್ಲ್‌ಬರೋದ ಥರ ಮೂಗಿಗೆ ಹೊಡೆಯುವ ಹಸಿರು ನಮ್ಮದರಲ್ಲಿ ಹುಡುಕಬೇಡಿ. ನಿಂಬೆ, ಸೀಬೆಕಾಯಿ, ಸ್ವಲ್ಪ ಹುಲ್ಲು, ಅಷ್ಟು ಸಿಕ್ಕರೆ ಅದು ಒಳ್ಳೆ ವರ್ಷ. ಬಿರಿಯಾನಿಗೆ ಇದೇ ವಾಸಿ ಅಂತ ನನಗನ್ನಿಸುತ್ತದೆ, ಮಸಾಲೆ ಜೊತೆ ಜಗಳ ಆಡುವುದಿಲ್ಲ.

ಬ್ಲೆನಮ್_ಕನ್ನಡಿಗ:
ಜಗಳ ಆಡಲಿ ಬಿಡಿ, ಅದಕ್ಕೇ ತಾನೇ ಕುಡಿಯುವುದು! ಒಪ್ಪಲ್ಲ. ಪುದೀನ ಅಷ್ಟು ಜೋರಿದ್ದಾಗ ಮೆತ್ತಗಿನ ವೈನ್ ಕಾಣೆಯಾಗುತ್ತದೆ.

ತೋಟದ_ಮನೆ:
ನಿಮ್ಮೂರಿನ ಬಾಟಲಿಗೆ ಇಲ್ಲಿ ಕೊಡಬೇಕಾದ ದುಡ್ಡಲ್ಲಿ ಬಿರಿಯಾನಿಗೆ ಕುರಿ ಬರುತ್ತದೆ ಸ್ವಾಮಿ.

ಸುಮ್ನೆ_ಒಬ್ಬ:
ಈಗ ಒಂದು ಒಳ್ಳೆ ಮಾತು ಬಂತು. ನನ್ನದೂ ಒಂದು ಡೌಟು, ನಗಬೇಡಿ. ಐಸ್ ಹಾಕಬಹುದಾ?

ಸರ್ವಿಸ್_ಟೇಬಲ್:
ನಿಮ್ಮ ಲೋಟ, ನಿಮ್ಮ ಇಷ್ಟ. ಆದರೆ ಐಸ್ ಕರಗಿ ತೆಳುವಾಗುತ್ತದೆ. 8ರಿಂದ 10 ಡಿಗ್ರಿ ಇರಲಿ. ಮನೆ ಫ್ರಿಜ್ ಅದಕ್ಕಿಂತ ತಣ್ಣಗಿರುತ್ತದೆ, ಹಾಗಾಗಿ ಊಟಕ್ಕೆ ಕಾಲು ಗಂಟೆ ಮುಂಚೆ ಹೊರಗೆ ತೆಗೆಯಿರಿ. ತೀರಾ ತಣ್ಣಗಿದ್ದರೆ ವಾಸನೆಯೇ ಏಳುವುದಿಲ್ಲ, ಬೆಚ್ಚಗಾದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಲೋಟಕ್ಕೆ ಸ್ವಲ್ಪ ಸ್ವಲ್ಪ ಸುರಿದು ಬಾಟಲಿಯನ್ನು ನೀರು, ಐಸ್ ಹಾಕಿದ ಬಕೆಟ್‌ನಲ್ಲಿ ಇಡುವುದು ಸರಿಯಾದ ದಾರಿ.

ಯಲಹಂಕ_ಗೂಡು:
ಮುಚ್ಚಳ ತಿರುಗಿಸುವ ಥರದ್ದು, ಬಿರಡೆ ಇಲ್ಲ. ಅಗ್ಗದ ಮಾಲು ಅಂತಲಾ? ಉಳಿದರೆ ಎಷ್ಟು ದಿನ ಇಡಬಹುದು?

ಬ್ಲೆನಮ್_ಕನ್ನಡಿಗ:
ಅಗ್ಗದ ಲಕ್ಷಣ ಅಲ್ಲ. 2001ರಲ್ಲಿ ಇಲ್ಲಿನ ವೈನರಿಗಳೇ ಒಟ್ಟಾಗಿ ತಿರುಗಿಸುವ ಮುಚ್ಚಳಕ್ಕೆ ಹೋದವು. ಬಿರಡೆ ಕೆಟ್ಟು ವೈನ್‌ಗೆ ಒದ್ದೆ ರಟ್ಟಿನ ವಾಸನೆ ಹಿಡಿಯುವ ಕಾಟ ತಪ್ಪಿತು. ದುಬಾರಿ ಬಾಟಲಿಗೂ ಇಲ್ಲಿ ಅದೇ ಮುಚ್ಚಳ.

ಸರ್ವಿಸ್_ಟೇಬಲ್:
ತೆರೆದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿ ಎರಡು ಮೂರು ದಿನ. ಆ ಹಸಿರು ವಾಸನೆ ಮೊದಲು ಹೋಗುತ್ತದೆ. ಆಮೇಲೆ ಅಡುಗೆಗೆ ಬಳಸಿ. ತೆರೆಯದ ಬಾಟಲಿಯನ್ನೂ ಅಟ್ಟದ ಮೇಲೆ ಇಡಬೇಡಿ, ಬೇಸಿಗೆಯ ಕಾವಿಗೆ ಸತ್ತುಹೋಗುತ್ತದೆ. ಸಾನ್ಸೆರ್‌ನ ಕೆಲವು ಬಿಟ್ಟರೆ ಇದು ಕೂಡಿಡುವ ವೈನ್ ಅಲ್ಲ.

ಸೊಪ್ಪು_ತರಕಾರಿ:
ಕೊನೆಯ ಪ್ರಶ್ನೆ. ಅವರೆಕಾಯಿ ಕಾಲ ಬಂದಾಗ ನಮ್ಮಲ್ಲಿ ಮೂರು ಹೊತ್ತೂ ಹಿತಕಿದ ಬೇಳೆ. ಸಾರಿಗೆ ಹುಣಸೆ ಹಾಕುವುದಿಲ್ಲ. ಕೊತ್ತಂಬರಿ ಸೊಪ್ಪು, ಹಸಿಮೆಣಸು, ಕಾಯಿ, ಶುಂಠಿ, ಬೆಳ್ಳುಳ್ಳಿ ರುಬ್ಬುತ್ತೇವೆ. ಆಗುತ್ತಾ?

ಸರ್ವಿಸ್_ಟೇಬಲ್:
ಕಾಯಿ ಸ್ವಲ್ಪ ಕಮ್ಮಿ ಮಾಡಿ, ಅದರ ಸಿಹಿ ವೈನ್ ಅನ್ನು ಚೂಪು ಮಾಡುತ್ತದೆ. ಬಡಿಸುವಾಗ ನಿಂಬೆ ನಾಲ್ಕು ಹನಿ. ಆಮೇಲೆ ಧಾರಾಳವಾಗಿ ಆಗುತ್ತದೆ ಮೇಡಂ.

ತೋಟದ_ಮನೆ:
ಅವರೆ ಮೇಲೆ ವೈನ್. ಜನವರಿಯಲ್ಲಿ ಕೊಯ್ಲು ರಾತ್ರಿಗೆ ಈ ಕಡೆ ಬನ್ನಿ, ಸಾರು ನಮ್ಮನೆಯದ್ದು, ಬಾಟಲಿ ನಿಮ್ಮದು.